ಹಡಗಿನಿಂದ ಬಂದ ಅಜ್ಜನವರು

ಮಲಪ್ರಭೆಯು ಕಣಕುಂಬಿಯಲ್ಲಿ ಜನಿಸಿ, ಸಮೀಪದಲ್ಲಿಯೇ ಇರುವ ಪಶ್ಚಿಮಸಮುದ್ರಕ್ಕೆ ಬೆನ್ನುಮಾಡಿ, ಪೂರ್ವಾಭಿಮುಖವಾಗಿ ಸವದತ್ತಿ ರಾಮದುರ್ಗಗಳ ಸೀಮೆಗೆ ಹರಿದುಬರುವಳು. ಅವಳ ಜಲವನ್ನು ಕುಡಿದು ಬೆಳೆದ ನಮ್ಮವರಿಗೂ ಎರೆಯ ಹೊಲ, ಜೋಳ, ಹತ್ತಿ ಇವೇ ಪ್ರಪಂಚವು. ಆದರೂ ಇಲ್ಲಿಯ ಕೆಲವು ಮನೆಗಳಿಂದ ತರುಣರು ನೌಕಾಸೇನೆಗೆ ಹೋದುದುಂಟು. ಬೈಲಹೊಂಗಲ ಸೀಮೆಯ ಅಂಥ ಹಿರಿಯರೊಬ್ಬರನ್ನು ನಾನು ಬಲ್ಲೆನು. ಅವರ ಮೊಮ್ಮಗನು ನನ್ನ ಶಿಷ್ಯನು. ಆ ಅಜ್ಜನವರು ಈಗ ಕೀರ್ತಿಶೇಷರಾಗಿದ್ದಾರೆ.

ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ್ದು 1956ರಲ್ಲಿ. ಮರುವರ್ಷವೇ ಆಂಗ್ಲರ 'ನೈಜೀರಿಯಾ' ಎಂಬ ಯುದ್ಧನೌಕೆಯು ಭಾರತದ ಪಾಲಿಗೆ ಬಂದು 'ಮೈಸೂರು' ಎಂಬ ನಾಮವನ್ನು ಧರಿಸಿತು. ಅಜ್ಜನವರು ಸೇವೆ ಸಲ್ಲಿಸಿದ್ದು ಈ ನೌಕೆಯಲ್ಲಿಯೇ. 1961ನೆಯ ಇಸವಿ ಡಿಸೆಂಬರ 18ರಂದು, ಗೋವೆಯ ವಿಮೋಚನೆಯ ಕಾಲದಲ್ಲಿ, ಕಾರವಾರದ ಎದುರಿಗಿರುವ ಅಂಜದೀವ ದ್ವೀಪವನ್ನು ಪೋರ್ತುಗೀಜರಿಂದ ಬಿಡಿಸಲು 'ತ್ರಿಶೂಲ' ಮತ್ತು 'ಮೈಸೂರು' ನೌಕೆಗಳು ಹೋದವು. ದ್ವೀಪದಲ್ಲಿ ಇಳಿದ ನಮ್ಮ ದಳದವರಲ್ಲಿ 7 ಮಂದಿ ವೀರಸ್ವರ್ಗವನ್ನೈದಿದರು.

1970ರ ದಶಕದಲ್ಲಿ ಅಜ್ಜನವರು ನಿವೃತ್ತರಾಗಿ ಮರಳಿದಾಗ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಮಲಪ್ರಭೆಯೇ ರೇಣುಕಾಸಾಗರವಾಗಿ ನಿಂತಿದ್ದಳು. ಅವರು ಸಮವಸ್ತ್ರವನ್ನು ಟ್ರಂಕಿನಲ್ಲಿಟ್ಟು ಒಕ್ಕಲುತನಕ್ಕೆ ತೊಡಗಿದರು. ಯುದ್ಧದ ಸುದ್ದಿಯನ್ನು ಎತ್ತಿದವರೇ ಅಲ್ಲ. ಪ್ರತಿವರ್ಷ ಡಿಸೆಂಬರದಲ್ಲಿ ಒಂದು ದಿನ ಮಾತ್ರ ಒಪ್ಪತ್ತು ಇರುತ್ತಿದ್ದರು. ಹೊಸ್ತಿಲ ಹುಣ್ಣಿಮೆಯೂ ಆ ಸುಮಾರಿಗೇ ಬರುವುದರಿಂದ, ಅದು ಎಲ್ಲಮ್ಮನ ಹರಕೆಯೆಂದು ಮನೆಯವರು ಬಗೆದಿದ್ದರು.

ಪಂಚಾಂಗವನ್ನು ನೋಡಲು ಕಲಿತ ಮೊಮ್ಮಗನಿಗೆ ಸಂದೇಹವು ಹುಟ್ಟಿತು.

"ಅಜ್ಜಾ, ಹುಣ್ಣಿವಿ ವರ್ಷಾ ಹಿಂದ ಮುಂದ ಆಗತೈತಿ. ನಿನ್ನ ಒಪ್ಪತ್ತು ಮಾತ್ರ ಹದಿನೆಂಟನೇ ತಾರೀಖಿಗೇ ಯಾಕ ಬರತೈತಿ?"

ಅಜ್ಜನವರು ಬಹಳ ಹೊತ್ತು ಸುಮ್ಮನಿದ್ದು, "ಅವತ್ತ ಏಳು ಮಂದಿ ಊಟಕ್ಕ ತಿರಗಿ ಬರಲಿಲ್ಲಪಾ" ಎಂದರು.

"ನಿನಗ ಅಂಜಿಕಿ ಆಗಿರಲಿಲ್ಲೇನು?"

"ಆಗಿತ್ತು. ಅಂಜಿಕಿ ಆಗೂದು ಬ್ಯಾರೆ, ಕೆಲಸಾ ಬಿಡೂದು ಬ್ಯಾರೆ."

ಅಂದಿನಿಂದ ಹುಡುಗನು ದಿನವೂ ಸಂಜೆ ಅಜ್ಜನ ಬಳಿ ಕುಳಿತು, ಕೇಳಿದುದನ್ನೆಲ್ಲ ವಹಿಯಲ್ಲಿ ಬರೆದಿಟ್ಟನು. ಅರ್ಧಶತಮಾನದಷ್ಟು ಕಾಲ ಒಂದೇ ಮನೆಯಲ್ಲಿ ಬಾಳಿದ ಅಜ್ಜಿಗೂ ಆ ಉಪವಾಸದ ಅರ್ಥವು ತಿಳಿದದ್ದು ಆಗಲೇ. ಅಜ್ಜನವರು ತೀರಿಕೊಂಡ ಮೇಲೆ ಆ ತಾರೀಖಿನ ಒಪ್ಪತ್ತನ್ನು ಅಜ್ಜಿಯೇ ನಡೆಯಿಸಿಕೊಂಡು ಬಂದಿದ್ದಾರೆ.

ವೀರರನ್ನು ಮರೆಯುವ ನಾಡು ನಮ್ಮದಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಆಂಗ್ಲರನ್ನು ಎದುರಿಸಿದ ರಾಣಿ ಚೆನ್ನಮ್ಮನ ಸಮಾಧಿಯು ಬೈಲಹೊಂಗಲದಲ್ಲಿದೆ. ಸಂಗೊಳ್ಳಿ ರಾಯಣ್ಣನನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಆದರೆ ಆಜ್ಞೆಯನ್ನು ಪಾಲಿಸಿ, ಕರ್ತವ್ಯವನ್ನು ಮುಗಿಸಿ, ಮೌನವಾಗಿ ಮನೆಗೆ ಮರಳಿದವನಿಗೆ ಲಾವಣಿಯಿಲ್ಲ. ಅವನ ಚರಿತ್ರೆಗೆ ಮನೆಯವರೇ ಲಿಪಿಕಾರರಾಗಬೇಕು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ, ಇಂದು ದೀಪ ಹಚ್ಚಿದ ಮೇಲೆ ಮಕ್ಕಳನ್ನು ಅವರ ಬಳಿ ಕೂಡ್ರಿಸಿರಿ. ಯಾವ ಹಡಗು, ಯಾವ ಇಸವಿ, ಜೊತೆಗಾರರು ಯಾರೆಂದು ಕೇಳಿ ಬರೆದಿಡಿರಿ. ಹಿರಿಯರು ತಾವಾಗಿ ಹೇಳಲಾರರು. ನಾವು ಕೇಳುವುದನ್ನು ನಾಳೆಗೆಂದು ಮುಂದೂಡಬಾರದು.