ಇಂಗುಗುಂಡಿಗೆ ಮುನ್ನ ಮಣ್ಣಿನ ಪರೀಕ್ಷೆ

ಸೆಪ್ಟಿಕ್ ಟ್ಯಾಂಕ್ ಮಲಿನಜಲವನ್ನು ಪೂರ್ಣವಾಗಿ ಶುದ್ಧಗೊಳಿಸುತ್ತದೆಂಬುದು ಅನೇಕರ ನಂಬಿಕೆ. ವಾಸ್ತವದಲ್ಲಿ ಅಲ್ಲಿ ಘನಾಂಶ ಮಾತ್ರ ತಳ ಸೇರುತ್ತದೆ. ಹೊರಬರುವ ನೀರಿನಲ್ಲಿ ರೋಗಾಣುಗಳು ಉಳಿದೇ ಇರುತ್ತವೆ. ಅವನ್ನು ಸೋಸುವ ಕಾರ್ಯ ಮಣ್ಣಿನದು. ಆದುದರಿಂದ ಮನೆ ಕಟ್ಟಿಸುವ ಸದ್ಭಕ್ತರು ಇಂಗುಗುಂಡಿ ತೋಡಿಸುವ ಮುನ್ನ ನೆಲದ ಗುಣವನ್ನರಿಯುವುದು ಅವಶ್ಯ.

ಪರೀಕ್ಷೆಯ ಕ್ರಮ ಸರಳವಾದುದು. ಗುಂಡಿಯ ಉದ್ದೇಶಿತ ಆಳಕ್ಕೆ ಗೇಣಗಲದ ಕುಳಿ ತೋಡಿ, ತಳಕ್ಕೆ 5 ಸೆಂ.ಮೀ. ದಪ್ಪ ಮರಳು ಹರಡಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಬೇಕು. ಒಣಮಣ್ಣು ಮೊದಲ ನೀರನ್ನು ಬೇಗ ಹೀರಿ ತಪ್ಪು ಲೆಕ್ಕ ಕೊಡುವುದರಿಂದ ಈ ಕ್ರಮ. ಮರುದಿನ ಮರಳಿನ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ, ಅದು 2.5 ಸೆಂ.ಮೀ. ಇಳಿಯಲು ಹಿಡಿಯುವ ಕಾಲವನ್ನು ಅಳೆಯಬೇಕು. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಸಲ್ಲುತ್ತದೆ. 60 ನಿಮಿಷದವರೆಗೆ ಹಿಡಿದರೆ ಉದ್ದನೆಯ ಇಂಗುಕಾಲುವೆ ಲೇಸು. ಅದನ್ನೂ ಮೀರಿದರೆ ಆ ನೆಲ ಯೋಗ್ಯವಲ್ಲ, ಬೇರೆ ಶೋಧಕ ವ್ಯವಸ್ಥೆ ಬೇಕು.

ಎರೆನೆಲದವರು ವಿಶೇಷ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ಬಿರಿದು ನೀರು ಕುಡಿಯುವ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಆಗ ಹೊಲಸು ನೀರು ಅಂಗಳಕ್ಕೇ ಉಕ್ಕುತ್ತದೆ. ಬಿರುಕುಬಂಡೆಯ ನೆಲದಲ್ಲಿ ಅಪಾಯ ಇದಕ್ಕೆ ವಿರುದ್ಧ: ನೀರು ಸೋಸಿಹೋಗದೆ ನೇರವಾಗಿ ಬಾವಿ ಸೇರಬಹುದು. ಟೈಫಾಯ್ಡ್, ಕಾಮಾಲೆ, ವಾಂತಿಭೇದಿಗಳು ಹರಡುವ ದಾರಿಗಳಲ್ಲಿ ಇದೂ ಒಂದು. ಕುಡಿಯುವ ನೀರಿನ ಬಾವಿಯಿಂದ ಗುಂಡಿ ಕನಿಷ್ಠ 18 ಮೀಟರ್ ದೂರವಿರಲಿ.

ನಮ್ಮ ಮನೆಯ ಕಲ್ಮಷ ನೆರೆಮನೆಯ ಕೊಡವನ್ನು ಸೇರದಂತೆ ಕಾಯುವುದೂ ದಾಸೋಹವೇ ಸರಿ.