ಹಾಲಕ್ಕಿ ಹಾಡಿನ ಎರಡನೆಯ ಬದುಕು

ಅಘನಾಶಿನಿ ಮತ್ತು ಗಂಗಾವಳಿ ನದಿಗಳು ಹರಿಯುವ ಕುಮಟಾ, ಅಂಕೋಲಾ ಸೀಮೆಗಳಲ್ಲೂ ಹೊನ್ನಾವರದಲ್ಲೂ, ಕೊಪ್ಪಗಳೆಂದು ಕರೆಯುವ ಪುಟ್ಟ ಕೇರಿಗಳಲ್ಲಿ ನೆಲೆಸಿರುವ ಹಾಲಕ್ಕಿ ಒಕ್ಕಲಿಗರಲ್ಲಿ ಹಾಡು ದುಡಿಮೆಯಿಂದ ಬೇರೆಯಾದುದಲ್ಲ. ಗದ್ದೆಯ ನಾಟಿಗೂ ಮದುವೆಗೂ ಸುಗ್ಗಿಗೂ, ಅಂದರೆ ಹೋಳಿಯ ಹೊತ್ತಿನ ಕುಣಿತದ ಹಬ್ಬಕ್ಕೂ, ಅವರಲ್ಲಿ ಬೇರೆ ಬೇರೆ ಪದಗಳಿವೆ.

ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಈ ಪದಗಳನ್ನು ಬಾಲ್ಯದಲ್ಲೇ ತಾಯಿಯಿಂದ ಕಲಿತಿದ್ದರೂ, ಎಳೆಯ ಪ್ರಾಯದ ಮದುವೆ, ವೈಧವ್ಯ, ಕೂಲಿಯ ಬದುಕು ಇವುಗಳ ನಡುವೆ ಅವರ ಕಂಠ ಬಹುಕಾಲ ಕೇರಿಯ ಆಚೆಗೆ ಕೇಳಿಸಲಿಲ್ಲ. ಸಾಕುಮಗನೂ ಕುಡಿತಕ್ಕೆ ಬಲಿಯಾದ ಮೇಲೆ, 1990ರ ದಶಕದಲ್ಲಿ, ನಡುವಯಸ್ಸು ದಾಟಿದ್ದ ಈ ತಾಯಿ ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ, ಅಂದರೆ ಬಡವರ ಕೂಲಿಯನ್ನೇ ನುಂಗುತ್ತಿದ್ದ ಅಗ್ಗದ ಮದ್ಯದ ವಿರುದ್ಧ, ಬೀದಿಗಿಳಿದರು. ಇಡೀ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ.

ಶಾಲೆಯ ಮೆಟ್ಟಿಲು ಹತ್ತದೆ, ಬರಹದ ನೆರವಿಲ್ಲದೆ, ಕೊರಳ ತುಂಬ ಮಣಿಸರ ತೊಟ್ಟು ಸರಣಿಯಾಗಿ ಪದ ಹೇಳುತ್ತಿದ್ದ ಅವರನ್ನು ನಾಡು ಹಾಲಕ್ಕಿ ಕೋಗಿಲೆ ಎಂದು ಕರೆಯಿತು. ಪದ್ಮಶ್ರೀ ಬಂದದ್ದು 2017ರಲ್ಲಿ, ಇಳಿವಯಸ್ಸಿನಲ್ಲಿ. ಅದೇ ಸಮುದಾಯದ ಹೊನ್ನಳ್ಳಿಯ ತುಳಸಿ ಗೌಡರೂ ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಟ್ಟಲೆ ದಿನಗೂಲಿಯಲ್ಲಿ ದುಡಿದ ಬಳಿಕವೇ, 2021ರಲ್ಲಿ, ಬರಿಗಾಲಿನಲ್ಲಿ ನಡೆದು ಅದೇ ಗೌರವವನ್ನು ಸ್ವೀಕರಿಸಿದರು.

ಹಿರಿತನವೇ ಇವರಿಬ್ಬರ ಮಾತಿಗೆ ತೂಕ ತಂದಿತೆನ್ನಬೇಕು; ಆ ತೂಕದೊಡನೆಯೇ ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯನ್ನು ಸುಕ್ರಜ್ಜಿ ದೊರೆತ ವೇದಿಕೆಗಳಲ್ಲೆಲ್ಲ ಎತ್ತಿದರು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗಲೂ ಅದು ಈಡೇರಿರಲಿಲ್ಲ.