ದವನ

ಪಶ್ಚಿಮ ಬೆಂಗಳೂರಿನ ಮಲ್ಲತ್ತಹಳ್ಳಿಯ ಬೀದಿಬದಿಯಲ್ಲಿ ಹೂವಾಡಗಿತ್ತಿಯರು ಮೊಳದ ಲೆಕ್ಕದಲ್ಲಿ ಅಳೆದುಕೊಡುವ ಕದಂಬದ ಮಾಲೆಯಲ್ಲಿ, ಮಲ್ಲಿಗೆಯ ಬಿಳುಪಿಗೂ ಕನಕಾಂಬರದ ಕೆಂಬಣ್ಣಕ್ಕೂ ನಡುವೆ ಬೂದುಹಸುರಾಗಿ ಇಣುಕುವ ಕುಡಿಗಳನ್ನು ಕಂಡವರು, ಅವು ಮಾಲೆ ತುಂಬಲೆಂದು ಸೇರಿಸಿದ ಸೊಪ್ಪೆಂದು ಭಾವಿಸುವುದುಂಟು. ಮಲ್ಲಿಗೆ ಬಾಡಿ ಕಂದಿದ ಮೇಲೆಯೂ ಮುಡಿಯಲ್ಲಿ ನಿಲ್ಲುವ ಪರಿಮಳ ಮಾತ್ರ ಆ ಸೊಪ್ಪಿನದು, ಎಂದರೆ ದವನದ್ದು.

ಸಸ್ಯಶಾಸ್ತ್ರಜ್ಞರು ಆರ್ಟಿಮೀಸಿಯ ಪ್ಯಾಲೆನ್ಸ್ ಎಂದು ಕರೆಯುವ ಈ ಮೂಲಿಕೆ ಸೇವಂತಿಗೆಯ ಕುಲಕ್ಕೆ ಸೇರಿದುದು. ಗಣೇಶನ ಪೂಜೆಗೆ ಸಲ್ಲುವ ಮಾಚೀಪತ್ರೆಯೂ, ಮಲೇರಿಯಾಕ್ಕೆ ಮದ್ದನ್ನು ಒದಗಿಸಿದ ಚೀನಾದೇಶದ ಗಿಡವೂ ಇದರ ದಾಯಾದಿಗಳೇ. ಮೊಣಕಾಲೆತ್ತರಕ್ಕೆ ಬೆಳೆಯುವ ಗಿಡ. ಎಲೆಯ ಮೇಲೆ ನವಿರಾದ ಬಿಳಿಯ ರೋಮ. ಹೂವು ಹಳದಿಯ ಪುಟ್ಟ ಗುಂಡಿಗಳಂತೆ. ದಕ್ಷಿಣ ಭಾರತದ ಹೊರಗೆ ಇದನ್ನು ವ್ಯಾಪಾರಕ್ಕಾಗಿ ಬೆಳೆಯುವುದು ವಿರಳ. ಅದರಲ್ಲಿಯೂ ಕರ್ನಾಟಕದ್ದು ಹಿರಿದಾದ ಪಾಲು. ಇದು ಚಳಿಗಾಲದ ಬೆಳೆ. ಧೂಳಿನಷ್ಟು ಸಣ್ಣದಾದ ಬೀಜವನ್ನು ಮರಳಿನೊಡನೆ ಬೆರೆಸಿ ಒಟ್ಲುಪಾತಿಯಲ್ಲಿ ಚೆಲ್ಲಿ, ಸಸಿಗಳನ್ನು ಕಿತ್ತು ನೆಟ್ಟರೆ, ಮಾಘ ಫಾಲ್ಗುಣಗಳ ವೇಳೆಗೆ ಹೂಬಿಡುತ್ತದೆ. ಬೀಜದ ಮೊಳೆಯುವ ಶಕ್ತಿ ಬಹುಕಾಲ ನಿಲ್ಲುವುದಿಲ್ಲವಾದುದರಿಂದ ರೈತನು ಹಳೆಯ ಬೀಜವನ್ನು ನಂಬುವಂತಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಬೆಳೆಯನ್ನೂ ನಂಬುವಂತಿಲ್ಲ.

ಹೂಬಿಟ್ಟ ಗಿಡವನ್ನು ಕೊಯ್ದು, ನೆರಳಿನಲ್ಲಿ ಬಾಡಿಸಿ, ಹಬೆಯ ಮೂಲಕ ಭಟ್ಟಿಯಿಳಿಸಿದಾಗ ದೊರೆವ ತೈಲ ಅತ್ಯಲ್ಪ. ಆದುದರಿಂದಲೇ ಅದರ ಬೆಲೆ ಅಧಿಕ. ದವನೋನ್ ಎಂಬ ದ್ರವ್ಯ ಅದರ ಮುಖ್ಯಾಂಶ. ಪಾಶ್ಚಾತ್ಯ ರಸಾಯನಶಾಸ್ತ್ರವೂ ನಮ್ಮ ಹೆಸರನ್ನೇ ಇಟ್ಟುಕೊಂಡುದು ಸಂತೋಷದ ಸಂಗತಿ. ಮಾಗಿದ ಹಣ್ಣಿನ ಸಿಹಿಯೂ ಒಣಹುಲ್ಲಿನ ಒಗರೂ ಕೂಡಿದ ಈ ಗಂಧವನ್ನು ಪರದೇಶದ ಸುಗಂಧಕಾರರು ಬೆಲೆಬಾಳುವ ಅತ್ತರುಗಳಲ್ಲಿ ಹನಿಹನಿಯಾಗಿ ಬಳಸುವರು. ಪಾನೀಯಗಳಿಗೂ ತಿನಿಸುಗಳಿಗೂ ರುಚಿಗಟ್ಟಲು ಸೇರಿಸುವುದುಂಟು. ಒಬ್ಬೊಬ್ಬರ ಮೈಮೇಲೆ ಅದು ಒಂದೊಂದು ಬಗೆಯಾಗಿ ಪರಿಮಳಿಸುವುದೆಂಬ ಖ್ಯಾತಿಯೂ ಅವರಲ್ಲಿ ಇದೆ.

ಶ್ರೀಗಂಧಕ್ಕೆ ಅರಸರ ಆಶ್ರಯ ದೊರೆಯಿತು, 1916ರಲ್ಲಿ ಮೈಸೂರಿನಲ್ಲಿ ತೈಲದ ಕಾರ್ಖಾನೆ ಎದ್ದಿತು, ಸಾಬೂನಿನ ಮೂಲಕ ಅದರ ಹೆಸರು ಮನೆಮನೆಗೂ ಹೊಕ್ಕಿತು. ದವನಕ್ಕೆ ಅಂಥ ಭಾಗ್ಯವಿಲ್ಲ. ಬೆಂಗಳೂರಿನ ಸೀಮ್ಯಾಪ್ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳು ಸುಗಂಧಸಸ್ಯಗಳ ಕೃಷಿಯನ್ನು ಅಭ್ಯಸಿಸುತ್ತಿದ್ದರೂ, ಈ ಊರಿನ ಗೃಹಿಣಿಗೆ ದವನದ ತೈಲವೆಂಬುದೊಂದು ಉಂಟೆಂದು ತಿಳಿದಿರುವುದು ಅಪೂರ್ವ. ಅವಳಿಗೆ ದವನವೆಂದರೆ ಚೈತ್ರದ ಪೂಜೆ. ಬೆಂಗಳೂರಿನ ಕರಗದ ಉತ್ಸವ ಹೊರಡುವ ಚೈತ್ರದ ಪೂರ್ಣಿಮೆಗೇ ದವನದ ಹುಣ್ಣಿಮೆಯೆಂಬ ಹೆಸರು ಬಿದ್ದುದು ಅಕಾರಣವಲ್ಲ: ಹೊಲದ ಕೊಯ್ಲು ಮುಗಿದು ಸೊಪ್ಪು ಕಟ್ಟುಕಟ್ಟಾಗಿ ಪೇಟೆಗೆ ಬರುವ ಕಾಲವೂ ಅದರ ಆಸುಪಾಸಿನದೇ.